ತೋಟದಲ್ಲಿ ದಾಸೋಹ

ದಾಸೋಹವು ವೀರಶೈವ ಗೃಹಸ್ಥನಿಗೆ ಪ್ರಾಣಪ್ರಾಯವಾದ ಧರ್ಮ. ಕಾಯಕದಿಂದ ಬಂದುದನ್ನು ಗುರು-ಲಿಂಗ-ಜಂಗಮರಿಗೆ ಅರ್ಪಿಸಿ, ಉಳಿದುದನ್ನು ಪ್ರಸಾದವೆಂದು ಸ್ವೀಕರಿಸುವುದೇ ಆ ಧರ್ಮದ ಸಾರ. ದಾಸೋಹವೆಂದೊಡನೆ ಭಕ್ತರ ಕಣ್ಣಿಗೆ ಕಟ್ಟುವುದು ಮನೆಯ ಪಂಕ್ತಿ, ಮಠದ ಒಲೆ, ಕರೆದು ಕುಳ್ಳಿರಿಸಿದ ಅತಿಥಿ. ಆದರೆ ಕರೆಯದೆಯೇ ಬರುವ ಅತಿಥಿಗಳೂ ಉಂಟು. ಅವರು ಹೊಸ್ತಿಲನ್ನು ದಾಟಿ ಬರುವವರಲ್ಲ, ಬೇಲಿಯನ್ನು ದಾಟಿ ಬರುವವರು. ಎಲೆಯನ್ನು ಮೆಲ್ಲುವ ಹುಳು, ಹಣ್ಣನ್ನು ಕುಕ್ಕುವ ಹಕ್ಕಿ, ಇರುಳಿನಲ್ಲಿ ಹಾರಿಬರುವ ಬಾವಲಿ, ಹಗಲಿನಲ್ಲಿಯೇ ಹಿಂಡುಗೂಡಿ ಇಳಿಯುವ ಕಪಿ. ಇವರ ವಿಷಯದಲ್ಲಿ ಗೃಹಸ್ಥನು ಹೇಗೆ ನಡೆದುಕೊಳ್ಳಬೇಕು? ಓಡಿಸುವುದೇ ಧರ್ಮವೋ, ಉಣಿಸುವುದೇ ಧರ್ಮವೋ? ಈ ಪ್ರಶ್ನೆ ಸಣ್ಣದಾಗಿ ತೋರಿದರೂ, ಮಣ್ಣನ್ನು ನಂಬಿ ಬದುಕುವ ಭಕ್ತರಿಗೆ ದಿನದಿನವೂ ಎದುರಾಗತಕ್ಕದ್ದು. ಆದುದರಿಂದ ಇದನ್ನು ಶರಣರ ತತ್ತ್ವದ ಬೆಳಕಿನಲ್ಲಿ ವಿಚಾರಿಸುವುದು ಯುಕ್ತ.

ವಿಚಾರಕ್ಕೆ ಒಂದು ನೆಲೆ ಬೇಕು. ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಮೂಡಬಿದಿರೆಯಿಂದ ನಾರಾವಿಯ ಕಡೆಗೆ ಹೋಗುವ ದಾರಿಯಲ್ಲಿ ಶಿರ್ತಾಡಿ ಎಂಬ ಊರುಂಟು. ಪಶ್ಚಿಮಕ್ಕೆ ಕಡಲ ಸೀಮೆ, ಪೂರ್ವಕ್ಕೆ ಕುದುರೆಮುಖದ ಪರ್ವತಶ್ರೇಣಿ. ವರ್ಷಕ್ಕೆ ಸುಮಾರು 4,000 ಮಿಲಿಮೀಟರಿನಷ್ಟು ಮಳೆ ಬೀಳುವ ಸೀಮೆಯಿದು. ಅಡಿಕೆ, ತೆಂಗು, ಬಾಳೆ, ಮೆಣಸು ಅಲ್ಲಿಯ ಒಕ್ಕಲುಗಳ ಜೀವನಾಧಾರ. ಕಾಡಿಗೂ ತೋಟಕ್ಕೂ ನಡುವೆ ಗೋಡೆಯಿಲ್ಲ. ಗುಡ್ಡದ ಮರದಲ್ಲಿ ಮಲಗಿದ ಕಪಿ ಬೆಳಗಾಗುವುದರೊಳಗೆ ತೆಂಗಿನ ತಲೆಯ ಮೇಲಿರುವುದು. ಕಾಡುಹಂದಿ ರಾತ್ರಿ ಬಂದು ಗೆಡ್ಡೆಯನ್ನು ಕೆದಕಿ ಹೋಗುವುದು. ನವಿಲು ತರಕಾರಿಯ ಪಾತಿಯಲ್ಲಿ ಮೇಯುವುದು. ಇಂತಹ ಸೀಮೆಯಲ್ಲಿ ಮನೆ ಕಟ್ಟಿದವನಿಗೆ ಅಕ್ಕಮಹಾದೇವಿಯು ಬೆಟ್ಟದ ಮನೆ, ಕಡಲ ತಡಿಯ ಮನೆಗಳನ್ನು ದೃಷ್ಟಾಂತವಾಗಿಟ್ಟು ಹೇಳಿದ ಬೋಧೆ ಬೇರೆ ವ್ಯಾಖ್ಯಾನವಿಲ್ಲದೆಯೇ ಅರ್ಥವಾಗುವುದು. ಮೃಗಗಳಿರುವ ನೆಲಕ್ಕೆ ನಾವು ಹೋಗಿ ಸೇರಿದ ಮೇಲೆ, ಮೃಗಗಳು ಬಂದವೆಂದು ಕೆರಳುವುದರಲ್ಲಿ ನ್ಯಾಯವಿಲ್ಲ.

ಮೊದಲು ಅತಿ ಸಣ್ಣ ಅತಿಥಿಯನ್ನು ನೋಡೋಣ. ಭಕ್ತನ ಮನೆಯಂಗಳದಲ್ಲಿ ಇಷ್ಟಲಿಂಗಪೂಜೆಗೆಂದು ನೆಟ್ಟ ಬಿಲ್ವದ ಗಿಡವಿದೆ. ಒಂದು ಬೆಳಿಗ್ಗೆ ಪತ್ರೆ ಕೊಯ್ಯಲು ಹೋದಾಗ ಎಳೆಯ ದಳಗಳೆಲ್ಲ ಅಂಚು ಹರಿದು ನಿಂತಿವೆ. ದಳದ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಒಂದು ಹುಳು ಕುಳಿತಿದೆ. ಇದು ನಿಂಬೆ ಚಿಟ್ಟೆಯ ಮರಿ. ನಿಂಬೆ, ಕರಿಬೇವು, ಬಿಲ್ವ ಇವು ಸಸ್ಯಶಾಸ್ತ್ರದಲ್ಲಿ ಒಂದೇ ಕುಟುಂಬಕ್ಕೆ ಸೇರಿದವುಗಳಾದುದರಿಂದ ಈ ಚಿಟ್ಟೆ ಅವುಗಳ ಚಿಗುರನ್ನೇ ಹುಡುಕಿ ಮೊಟ್ಟೆಯಿಡುವುದು. ಹುಳು ನಾಲ್ಕು ಬಾರಿ ಪೊರೆ ಕಳಚಿ, ಕೊನೆಗೆ ಎಲೆಯ ಬಣ್ಣವನ್ನೇ ತಾಳುವುದು. ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಬಣ್ಣದ ಕವಲುಕೋಡನ್ನು ಹೊರಚಾಚಿ ತೀಕ್ಷ್ಣವಾದ ವಾಸನೆಯನ್ನು ಬಿಡುವುದು. ಅದಕ್ಕಿರುವ ಆಯುಧ ಅಷ್ಟೇ. ಕೆಲವು ದಿನ ತಿಂದು, ಕೋಶ ಕಟ್ಟಿ, ಕಪ್ಪು ಹಳದಿಯ ಚಿಟ್ಟೆಯಾಗಿ ಹಾರಿಹೋಗುವುದು.

ಇಲ್ಲಿ ಭಕ್ತನಿಗೆ ಧರ್ಮಸಂಕಟ. ಪೂಜೆಗೆ ಅಖಂಡವಾದ ಪತ್ರೆ ಬೇಕು. ಹುಳುವೋ ಪತ್ರೆಯನ್ನು ಖಂಡಿಸುತ್ತದೆ. ಲಿಂಗದ ಸೊತ್ತನ್ನು ಕಾಯುವೆನೆಂದು ಹುಳುವನ್ನು ಹೊಸಕಿಹಾಕಿದರೆ ಅದು ಶಿವಭಕ್ತಿಯಾಗುವುದೇ? ದಯೆಯನ್ನು ಧರ್ಮದ ಬೇರೆಂದು ಸಾರಿದ ಮಾರ್ಗದಲ್ಲಿ, ಕೊಂದ ಕೈಯಿಂದ ಏರಿಸಿದ ಪತ್ರೆ ಎಷ್ಟು ಹಸಿರಾಗಿದ್ದರೇನು? ಅಖಂಡವಾಗಿರಬೇಕಾದುದು ಪತ್ರೆಗಿಂತ ಮೊದಲು ಭಾವ. ಇನ್ನು ಹುಳು ಮುಟ್ಟಿದ ಗಿಡವೇ ಎಂಜಲಾಯಿತೆಂದು ಶಂಕಿಸುವವರೂ ಉಂಟು. ಅವರು ಬಸವಣ್ಣನವರ ವಿಚಾರವನ್ನು ನೆನೆಯಬೇಕು. ಕರು, ಮೀನು, ದುಂಬಿ ಇವುಗಳನ್ನು ಮುಂದಿಟ್ಟು, ಪೂಜೆಗೆ ತರುವ ಯಾವ ವಸ್ತುವೂ ಮತ್ತೊಂದು ಜೀವದ ಬಾಯಿ ಸೋಕದೆ ನಮ್ಮ ಕೈಗೆ ಬಂದಿಲ್ಲವೆಂಬುದನ್ನು ಅವರು ತೋರಿಸಿಕೊಟ್ಟಿರುವರು. ಅದರ ಇಂಗಿತವನ್ನು ಗೃಹಸ್ಥನು ತನ್ನ ತೋಟಕ್ಕೂ ಅನ್ವಯಿಸಿಕೊಳ್ಳಬಹುದು. ತೋಟದಲ್ಲಿ ಪಾಲು ಕೊಡಬೇಕೋ ಬೇಡವೋ ಎಂದು ಅವನು ಆಲೋಚಿಸುವ ಮೊದಲೇ ಪಾಲು ಆಗಿಹೋಗಿದೆ. ಇನ್ನು ಅವನಿಗೆ ಉಳಿದಿರುವುದು ಆ ಪಾಲನ್ನು ಪ್ರೀತಿಯಿಂದ ಒಪ್ಪುವುದು ಅಥವಾ ದ್ವೇಷದಿಂದ ಒಪ್ಪುವುದು, ಇವೆರಡರ ಆಯ್ಕೆ ಮಾತ್ರ.

ಆಚರಣೆಯಲ್ಲಿ ಇದು ಕಷ್ಟವೂ ಅಲ್ಲ. ಬೆಳೆದ ಬಿಲ್ವಕ್ಕೆ ನಾಲ್ಕಾರು ಹುಳುಗಳಿಂದ ಹಾನಿಯಿಲ್ಲ. ತಿಂದ ರೆಂಬೆ ಮತ್ತೆ ಚಿಗುರುವುದು. ಭಕ್ತನು ಬೇರೊಂದು ರೆಂಬೆಯಿಂದ ಪತ್ರೆಯನ್ನು ತೆಗೆದುಕೊಳ್ಳಲಿ. ಗಿಡ ಇನ್ನೂ ಗೇಣುದ್ದದ ಸಸಿಯಾಗಿದ್ದರೆ, ಹುಳುವನ್ನು ಎಲೆಯೊಡನೆಯೇ ಎತ್ತಿ ಹಿತ್ತಲಿನ ನಿಂಬೆಯ ಗಿಡಕ್ಕೆ ಸಾಗಿಸಲಿ. ಎಕ್ಕದ ಎಲೆಯ ಮೇಲೆ ಕಪ್ಪು, ಬಿಳಿ, ಹಳದಿಯ ಪಟ್ಟೆಗಳುಳ್ಳ ಹುಳು ಕಂಡರೂ ಇದೇ ನ್ಯಾಯ. ಅದೂ ಒಂದು ಚಿಟ್ಟೆಯ ಮರಿಯೇ. ಎಕ್ಕದ ಹೂ ಶಿವನಿಗೆ, ಎಲೆ ಹುಳುವಿಗೆ. ಇಬ್ಬರಿಗೂ ಸಾಲುವಷ್ಟು ಆ ಗಿಡದಲ್ಲಿದೆ.

ಇನ್ನು ಈಶ್ವರಬಳ್ಳಿಯ ಸಂಗತಿ. ಕರಾವಳಿಯ ಪೊದೆಗಳಲ್ಲಿ ತಾನಾಗಿ ಹಬ್ಬುವ ಈ ಬಳ್ಳಿ ಈಶ್ವರನ ಹೆಸರನ್ನು ಹೊತ್ತಿದೆ. ಇದರ ಬೇರನ್ನು ಹಿಂದಿನವರು ನಂಜಿಗೆ ಮದ್ದೆಂದು ಬಳಸುತ್ತಿದ್ದರು. ಈ ಜಾತಿಯ ಸಸ್ಯಗಳಲ್ಲಿರುವ ವಿಷಾಂಶವು ಮೂತ್ರಪಿಂಡಗಳನ್ನು ಕೆಡಿಸುವುದೆಂದು ಇಂದಿನ ವೈದ್ಯಶಾಸ್ತ್ರ ಕಂಡುಕೊಂಡಿರುವುದರಿಂದ ಮನುಷ್ಯರು ಅದನ್ನು ಸೇವಿಸತಕ್ಕದ್ದಲ್ಲ. ಆದರೆ ಕರ್ನಾಟಕದ ರಾಜ್ಯಚಿಟ್ಟೆಯೆನಿಸಿದ ಸದರ್ನ್ ಬರ್ಡ್‌ವಿಂಗ್ ಎಂಬ ದೊಡ್ಡ ಚಿಟ್ಟೆಯ ಮರಿಗೆ ಈ ಬಳ್ಳಿಯೂ ಇದರ ಬಳಗದ ಬಳ್ಳಿಗಳೂ ಬಿಟ್ಟರೆ ಬೇರೆ ಆಹಾರವಿಲ್ಲ. ಹುಳು ಎಲೆಯೊಡನೆ ವಿಷವನ್ನೂ ಉಂಡು ಮೈಯಲ್ಲಿ ಇಟ್ಟುಕೊಳ್ಳುವುದು. ಆ ವಿಷವೇ ಅದಕ್ಕೆ ಕವಚವಾಗಿ, ಹಕ್ಕಿಗಳು ಅದನ್ನು ತಿನ್ನಲು ಹಿಂಜರಿಯುವುವು. ಹಾಲಾಹಲವನ್ನು ಕಂಠದಲ್ಲಿ ಧರಿಸಿದ ನೀಲಕಂಠನ ನೆನಪು ಯಾವ ಭಕ್ತನಿಗೆ ಬಾರದು? ಕಳೆಯೆಂದು ಬೇಲಿಯ ಈಶ್ವರಬಳ್ಳಿಯನ್ನು ಕಿತ್ತೆಸೆದರೆ ಗೃಹಸ್ಥನಿಗೆ ನಷ್ಟವೇನೂ ಕಾಣಿಸದು. ಆದರೆ ಆ ಚಿಟ್ಟೆಗೆ ಅದು ಅನ್ನಸತ್ರದ ಬಾಗಿಲು ಮುಚ್ಚಿದಂತೆ.

ಆ ಬಾಗಿಲನ್ನು ತೆರೆದಿಟ್ಟ ನಿದರ್ಶನ ಶಿರ್ತಾಡಿಯ ಆಸುಪಾಸಿನಲ್ಲಿಯೇ ಇದೆ. ಮೂಡಬಿದಿರೆಯಿಂದ ಕಾರ್ಕಳಕ್ಕೆ ಹೋಗುವ ದಾರಿಯಲ್ಲಿರುವ ಬೆಳುವಾಯಿಯಲ್ಲಿ ಸಮ್ಮಿಲನ್ ಶೆಟ್ಟಿ ಎಂಬವರು 2011ರಲ್ಲಿ ತಮ್ಮ 7 ಎಕರೆಗೂ ಮಿಗಿಲಾದ ಜಮೀನಿನಲ್ಲಿ ಚಿಟ್ಟೆಗಳ ಉದ್ಯಾನವನ್ನು ಆರಂಭಿಸಿದರು. 2013ರಲ್ಲಿ ಅದು ಸಾರ್ವಜನಿಕರಿಗೆ ತೆರೆಯಿತು. ಹೊರಗಿನಿಂದ ಚಿಟ್ಟೆಗಳನ್ನು ಹಿಡಿದು ತಂದು ಪಂಜರದಲ್ಲಿಟ್ಟ ಉದ್ಯಾನವಲ್ಲ ಅದು. ಹುಳುಗಳಿಗೆ ಬೇಕಾದ ಎಲೆಯ ಗಿಡಗಳನ್ನೂ ಚಿಟ್ಟೆಗಳಿಗೆ ಬೇಕಾದ ಜೇನಿನ ಹೂಗಳನ್ನೂ ಬೆಳೆಸಿ ಕಾಯ್ದರು; ನೂರಕ್ಕೂ ಮಿಕ್ಕ ಬಗೆಯ ಚಿಟ್ಟೆಗಳು ತಾವಾಗಿಯೇ ಬಂದು ನೆಲಸಿದುವು. ಅಲ್ಲಿ ಎಲೆ ತೂತಾದರೆ ತೋಟಿಗನಿಗೆ ದುಃಖವಿಲ್ಲ, ಅತಿಥಿ ಉಂಡನೆಂಬ ಸಂತೋಷ. ಊರೂರಿಗೂ ಇಂತಹ ಉದ್ಯಾನವಾಗಬೇಕೆಂದು ಹೇಳಲಾಗದು. ಆದರೆ ಅಂಗಳದ ಮೂಲೆಯಲ್ಲಿ ಒಂದು ಕೇಪಳ, ಒಂದು ಲಕ್ಕಿ, ಬೇಲಿಯಲ್ಲಿ ಒಂದು ಈಶ್ವರಬಳ್ಳಿ, ಇಷ್ಟಕ್ಕೆ ಯಾವ ಗೃಹಸ್ಥನಿಗೂ ಬಡತನವಿರದು.

ಹೂವಿನ ಗಿಡ ಯಾವುದಾದರೇನು, ಹಸಿರಿದ್ದರೆ ಸಾಲದೇ ಎಂದು ಕೆಲವರು ಕೇಳಬಹುದು. ಸಾಲದು. ಆಸ್ಟ್ರೇಲಿಯದ ಕಡೆಯಿಂದ ಬಂದ ಅಕೇಶಿಯಾ, ಬ್ರೆಜಿಲಿನಿಂದ ಬಂದ ರಬ್ಬರು, ಇವು ಕರಾವಳಿಯ ಗುಡ್ಡಗಳನ್ನು ಹಸಿರು ಮಾಡಿರುವುದು ನಿಜ. ರಬ್ಬರು ಅನೇಕ ಕುಟುಂಬಗಳಿಗೆ ಅನ್ನ ಕೊಟ್ಟಿರುವುದೂ ನಿಜ. ಆದರೆ ಈ ನಾಡಿನ ಹುಳುಗಳು ಸಹಸ್ರಾರು ವರ್ಷಗಳಿಂದ ಈ ನಾಡಿನ ಎಲೆಗಳೊಡನೆ ಬೆಳೆದುಬಂದವು. ಪರದೇಶದ ಎಲೆ ಬಹುಮಟ್ಟಿಗೆ ಅವುಗಳ ಬಾಯಿಗೆ ಒಗ್ಗದು. ಹುಳುವಿಲ್ಲದ ಕಡೆ ಹಕ್ಕಿಗೂ ಬಾಳಿಲ್ಲ. ಏಕೆಂದರೆ ಕಾಳು ತಿನ್ನುವ ಗುಬ್ಬಚ್ಚಿಯೂ, ಜೇನು ಹೀರುವ ಸೂರಕ್ಕಿಯೂ ತಮ್ಮ ಮರಿಗಳಿಗೆ ಉಣಿಸುವುದು ಹುಳುಗಳನ್ನೇ. ಅಮೆರಿಕದ ಕೀಟಶಾಸ್ತ್ರಜ್ಞ ಡಗ್ಲಾಸ್ ಟಾಲಮಿಯವರು ಚಿಕಡೀ ಎಂಬ ಅಲ್ಲಿಯ ಪುಟ್ಟ ಹಕ್ಕಿಯ ವಿಷಯದಲ್ಲಿ, ಒಂದು ಗೂಡಿನ ಮರಿಗಳನ್ನು ಸಾಕಲು 6,000ದಿಂದ 9,000 ಹುಳುಗಳು ಬೇಕಾಗುವುವೆಂದು ಬರೆದಿರುವರು. ಗೂಡಿನಲ್ಲಿ ಬಾಯ್ದೆರೆದು ಕಾಯುವ ಮರಿಯ ಹಸಿವಿಗೂ ಗೃಹಸ್ಥನ ಅಂಗಳದ ಗಿಡಕ್ಕೂ ಇರುವ ಸಂಬಂಧ ಇದು.

ಹಿಂದಿನವರು ಈ ಸಂಬಂಧವನ್ನು ಶಾಸ್ತ್ರವಾಗಿ ಓದದಿದ್ದರೂ ನಡೆಯಲ್ಲಿ ಉಳಿಸಿಕೊಂಡಿದ್ದರು. ತುಳುನಾಡಿನ ನಾಗಬನಗಳು ಇದಕ್ಕೆ ಸಾಕ್ಷಿ. ಕೊಡಲಿ ತಾಗದ ಆ ಬನಗಳಲ್ಲಿ ಮರ, ಬಳ್ಳಿ, ಪೊದೆಗಳು ಹೆಣೆದುಕೊಂಡು ಅನೇಕ ಜೀವಗಳಿಗೆ ಆಶ್ರಯವಾಗಿದ್ದುವು. ಈಚೆಗೆ ಹಲವು ಕಡೆ ಮರಗಳನ್ನು ತೆಗೆದು ಸಿಮೆಂಟಿನ ಕಟ್ಟೆ ಕಟ್ಟಿರುವುದನ್ನು ಕಂಡು ವಿವೇಕಿಗಳು ಮರುಗುತ್ತಿರುವರು. ಬಯಲುಸೀಮೆಯಲ್ಲಿ, ಮಾಗಡಿ ತಾಲ್ಲೂಕಿನ ಹುಲಿಕಲ್ಲಿನಿಂದ ಕುದೂರಿನವರೆಗೆ ಸಾಲುಮರದ ತಿಮ್ಮಕ್ಕನವರು ಗಂಡನೊಡನೆ ನೆಟ್ಟು ನೀರೆರೆದು ಬೆಳೆಸಿದ 385 ಆಲದ ಮರಗಳ ಖ್ಯಾತಿಯನ್ನು ಕೇಳದವರಿಲ್ಲ. 2019ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಬಂದಿತು. ಆಲದ ಹಣ್ಣು ಮನುಷ್ಯನ ಪಂಕ್ತಿಗೆ ಬರುವಂಥದಲ್ಲ. ದಾರಿಹೋಕನಿಗೆ ನೆರಳು, ಹಕ್ಕಿಗೆ ಹಣ್ಣು, ಎಂದು ಮಕ್ಕಳಿಲ್ಲದ ಆ ತಾಯಿ ಮರಗಳನ್ನೇ ಮಕ್ಕಳೆಂದು ಸಾಕಿದರು. ಆಲ, ಅತ್ತಿ, ಅಶ್ವತ್ಥಗಳ ಮಹಿಮೆಯೇ ಅದು. ಬೇರೆ ಮರಗಳಲ್ಲಿ ಹಣ್ಣಿಲ್ಲದ ಕಾಲದಲ್ಲಿಯೂ ಈ ಕುಲದ ಒಂದಲ್ಲ ಒಂದು ಮರ ಹಣ್ಣು ಬಿಟ್ಟಿರುವುದು. ಮಲೆನಾಡಿನ ಮಂಗಟ್ಟೆ ಹಕ್ಕಿಯಲ್ಲಿ ಹೆಣ್ಣು ಮರದ ಪೊಟರೆಯೊಳಗೆ ತನ್ನನ್ನು ತಾನೇ ಸೆರೆಯಿಟ್ಟುಕೊಂಡು ಮೊಟ್ಟೆಗೆ ಕಾವು ಕೊಡುವುದು. ಗಂಡು ದಿನವೆಲ್ಲ ಹಣ್ಣು ತಂದು ಸಣ್ಣ ಸೀಳಿನ ಮೂಲಕ ಉಣಿಸುವುದು. ಹೊಲದ ನೆರಳಾಗುವುದೆಂದು ಒಂದು ಅತ್ತಿಯ ಮರವನ್ನು ಕಡಿಯುವವನು ಆ ಪೊಟರೆಯೊಳಗಿನ ತಾಯಿಯನ್ನು ಕಂಡವನಲ್ಲ. ಕಂಡಿದ್ದರೆ ಅವನ ಕೈ ತಡೆಯುತ್ತಿತ್ತು.

ಉಂಡು ಹೋದ ಅತಿಥಿ ಬರಿಗೈಯಲ್ಲಿ ಹೋಗುವುದೂ ಇಲ್ಲ. ಬಾವಲಿಗಳು ಸುರಹೊನ್ನೆಯ ಹಣ್ಣನ್ನು ತಿಂದು ಬೀಜವನ್ನು ಬೀಳಿಸುವುವು. ಕರಾವಳಿಯ ಜನ ಹಿಂದೆ ಆ ಬೀಜವನ್ನು ಆಯ್ದು ಎಣ್ಣೆ ತೆಗೆದು ದೀಪ ಉರಿಸುತ್ತಿದ್ದರು. ಹಣ್ಣಡಿಕೆಯ ಸಿಪ್ಪೆಯನ್ನು ಚೀಪಿ ಬೀಳಿಸಿದ ಅಡಿಕೆಯನ್ನೂ ತೋಟದವರು ಆಯುವುದುಂಟು. ಹಕ್ಕಿ ನುಂಗಿದ ನೇರಳೆಯ ಬೀಜ ಎಲ್ಲಿಯೋ ಬಿದ್ದು ಮರವಾಗುವುದು. ಆದರೂ ಪ್ರತಿಫಲಕ್ಕಾಗಿ ಉಣಿಸುವುದು ದಾಸೋಹವೆನಿಸದು, ವ್ಯಾಪಾರವೆನಿಸೀತು. ಇಲ್ಲಿಯೇ ಇನ್ನೊಂದು ಎಚ್ಚರವನ್ನೂ ಹೇಳಬೇಕು. 2018ರಲ್ಲಿ ಕೇರಳದ ಕೋಳಿಕ್ಕೋಡಿನ ಕಡೆ ನಿಪಾ ಎಂಬ ಮಾರಕ ರೋಗ ಕಾಣಿಸಿಕೊಂಡಿತು. ಅದರ ಮೂಲ ಬಾವಲಿಗಳಲ್ಲಿದೆಯೆಂದು ತಜ್ಞರು ಹೇಳಿರುವರು. ಆದುದರಿಂದ ಬಾವಲಿ ಕಚ್ಚಿದ ಹಣ್ಣನ್ನು ಮನುಷ್ಯರು ತಿನ್ನಬಾರದು. ಅತಿಥಿಗೆ ಬಿಟ್ಟ ಪಾಲು ಅತಿಥಿಗೇ ಇರಲಿ.

ಇಷ್ಟನ್ನು ಕೇಳಿದ ಒಕ್ಕಲಿನ ಭಕ್ತನು ನಿಟ್ಟುಸಿರುಬಿಟ್ಟು ಒಂದು ಮಾತು ಕೇಳಬಹುದು: “ಹುಳುವಿಗೆ ನಾಲ್ಕು ಎಲೆ ಬಿಡಬಹುದು, ಸ್ವಾಮಿ. ಒಂದೇ ಬೆಳಗಿನಲ್ಲಿ ಕಪಿಗಳ ಹಿಂಡು ವರ್ಷದ ಎಳನೀರನ್ನೆಲ್ಲ ಕಿತ್ತು ಬಿಸುಟರೆ ಮಕ್ಕಳಿಗೆ ಏನು ಉಣಿಸಲಿ?” ಈ ಮಾತನ್ನು ಹಗುರವಾಗಿ ತಳ್ಳಿಹಾಕತಕ್ಕದ್ದಲ್ಲ. ನಷ್ಟ ನಿಜವಾದುದು, ಅದನ್ನು ಹೊರುವವನು ಬಡ ಒಕ್ಕಲು. ಕಾಯಕ ಮುರಿದರೆ ದಾಸೋಹವೂ ಮುರಿಯುವುದು. ಶರಣರು ಎಂದೂ ಗೃಹಸ್ಥನನ್ನು ಕಾಯಕಗೇಡಿಯಾಗೆಂದು ಹೇಳಿದವರಲ್ಲ. ಹಾಗಾದರೆ ಎಲ್ಲೆ ಎಲ್ಲಿ?

ಆಯ್ದಕ್ಕಿ ಲಕ್ಕಮ್ಮನ ಚರಿತ್ರೆಯಲ್ಲಿ ಇದಕ್ಕೆ ಉತ್ತರವಿದೆ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮನು ಅದನ್ನು ಒಲೆಗೇರಿಸದೆ, ಬೇಕಾದಷ್ಟನ್ನೇ ಇರಿಸಿಕೊಂಡು ಮಿಕ್ಕುದನ್ನು ಅಲ್ಲಿಯೇ ಚೆಲ್ಲಿ ಬರಬೇಕೆಂದು ಪತಿಯನ್ನು ಹಿಂದಿರುಗಿಸಿದಳು. ಬಡತನದ ಮನೆಯಲ್ಲಿ ನಿಂತು ಆಕೆ ತೋರಿದ ಅಳತೆಯಿದು. ತೋಟದವನೂ ಮೊದಲು ಇದೇ ಅಳತೆಯನ್ನು ಹಿಡಿಯಬೇಕು. ಮನೆಗೆ, ಮಾರಾಟಕ್ಕೆ, ಬೀಜಕ್ಕೆ ಬೇಕಾದುದು ಎಷ್ಟು? ಅದನ್ನು ಅವನು ಧಾರಾಳವಾಗಿ ಕಾಯ್ದುಕೊಳ್ಳಲಿ. ಬೇಲಿ ಕಟ್ಟಲಿ, ಹಣ್ಣಿಗೆ ಬಟ್ಟೆಯ ಚೀಲ ತೊಡಿಸಲಿ, ಕೂಗಿ ಓಡಿಸಲಿ, ನಾಯಿಯನ್ನು ಸಾಕಲಿ. ಇವಾವುವೂ ದೋಷವಲ್ಲ. ಕೆಲವು ವನ್ಯಪ್ರಾಣಿಗಳಿಂದಾದ ಬೆಳೆನಷ್ಟಕ್ಕೆ ಅರಣ್ಯ ಇಲಾಖೆಯಿಂದ ಪರಿಹಾರ ಪಡೆಯುವ ಏರ್ಪಾಡೂ ಉಂಟು. ಅದನ್ನು ಕೇಳಿ ಪಡೆಯುವುದರಲ್ಲಿ ಸಂಕೋಚ ಬೇಡ. ಆದರೆ ಹಲಸಿನ ತುತ್ತತುದಿಯ ಹಣ್ಣು, ಗುಡ್ಡದ ಅಂಚಿನ ಕಾಡುಮಾವು, ಪುನರ್ಪುಳಿ, ನೇರಳೆ, ಹೆಬ್ಬಲಸು, ಇವುಗಳನ್ನು ಅಳತೆಯಾಚೆಯ ಪಾಲೆಂದು ಬಿಟ್ಟುಕೊಡಲಿ. ಆ ಮರಗಳಿಲ್ಲದಿದ್ದರೆ ನೆಡಲಿ. ಗುಡ್ಡದಲ್ಲಿ ಹಣ್ಣಿನ ಮರ ಕಡಿಮೆಯಾದಂತೆ ಕಪಿ ತೆಂಗಿಗೆ ಇಳಿಯುವುದು ಹೆಚ್ಚುವುದೆಂಬುದನ್ನು ಹಳ್ಳಿಯ ಹಿರಿಯರೇ ಹೇಳುವರು.

ಇನ್ನು ದಾರಿಯ ಬದಿಯಲ್ಲಿ, ದೇವಾಲಯದ ಮುಂದೆ ಕಪಿಗಳಿಗೆ ಬಿಸ್ಕತ್ತು, ಬಾಳೆಹಣ್ಣು ಎಸೆಯುವುದನ್ನು ಪುಣ್ಯವೆಂದು ಭಾವಿಸುವವರುಂಟು. ಇದು ದಾಸೋಹದ ಛಾಯೆ, ದಾಸೋಹವಲ್ಲ. ಮನುಷ್ಯನ ಕೈಯ ರುಚಿ ಕಂಡ ಕಪಿ ಕಾಡನ್ನು ಮರೆತು ಮನೆಯ ಮಾಡನ್ನು ಹತ್ತುವುದು, ಮಕ್ಕಳ ಕೈಯದನ್ನು ಕಸಿಯುವುದು. ಕೊನೆಗೆ ಪೆಟ್ಟು ತಿನ್ನುವುದೂ ಅದೇ. ಎಸೆದವನು ಹೊರಟುಹೋಗಿರುವನು, ಫಲವನ್ನು ಅನುಭವಿಸುವವನು ನೆರೆಮನೆಯ ಒಕ್ಕಲು. ಆದುದರಿಂದ ಕೈಯಿಂದ ಉಣಿಸುವುದಕ್ಕಿಂತ ಮರವನ್ನು ನೆಟ್ಟು ಉಣಿಸುವುದು ಶ್ರೇಷ್ಠ. ಮರವು ಉಣಿಸಿದಾಗ ಉಣಿಸಿದವನಾರೆಂಬುದು ಉಂಡವನಿಗೆ ತಿಳಿಯದು, ಉಣಿಸಿದವನಿಗೆ ಅಹಂಕಾರವೂ ಬಾರದು. ಪಂಚಾಚಾರಗಳಲ್ಲಿ ಹೇಳಿದ ಭೃತ್ಯಾಚಾರಕ್ಕೆ ಇದು ತಕ್ಕುದು. ಶಾಸ್ತ್ರದಲ್ಲಿ ಜಂಗಮವೆಂದು ಕರೆದಿರುವುದು ಶಿವಜ್ಞಾನಿಯನ್ನು. ಕಪಿಯನ್ನೂ ಹುಳುವನ್ನೂ ಜಂಗಮವೆಂದು ಹೇಳುವುದು ಅತಿಯಾದೀತು. ಆದರೆ ಜಂಗಮನ ಮುಂದೆ ಬಾಗಲು ಕಲಿತ ಭಕ್ತನ ಬೆನ್ನು, ಹಸಿದ ಜೀವದ ಮುಂದೆ ಸೆಟೆದು ನಿಲ್ಲಲಾರದು.

ಮೀರಬಾರದ ಎಲ್ಲೆ ಒಂದುಂಟು. 2020ರ ಮೇ ತಿಂಗಳಿನಲ್ಲಿ ಕೇರಳದ ಪಾಲಕ್ಕಾಡು ಜಿಲ್ಲೆಯಲ್ಲಿ ಗರ್ಭಿಣಿಯಾದ ಹೆಣ್ಣಾನೆಯೊಂದು ಸಿಡಿಮದ್ದು ತುಂಬಿದ ಹಣ್ಣನ್ನು ಕಚ್ಚಿ, ಬಾಯಿ ಛಿದ್ರವಾಗಿ, ನೋವು ತಾಳಲಾರದೆ ಹೊಳೆಯ ನೀರಿನಲ್ಲಿ ನಿಂತು ನಿಂತೇ ಪ್ರಾಣಬಿಟ್ಟಿತು. ಬೆಳೆ ಕಾಯಲು ಕಾಡುಹಂದಿಗೆಂದು ಇಂತಹ ಮದ್ದನ್ನು ಇಡುವ ರೂಢಿ ಕೆಲವೆಡೆ ಇದೆ. ಬೇಲಿಗೆ ಕರೆಂಟು ಹರಿಸುವುದು, ಅನ್ನದಲ್ಲಿ ವಿಷ ಬೆರೆಸುವುದು, ಇವೂ ಅದೇ ಜಾತಿಯವು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ವನ್ಯಮೃಗಗಳ ಹತ್ಯೆಯನ್ನು ಶಿಕ್ಷಾರ್ಹವೆಂದು ವಿಧಿಸಿದೆ. ಆದರೆ ಭಕ್ತನಿಗೆ ಕಾನೂನಿಗಿಂತ ಮೊದಲು ಇನ್ನೊಂದು ಭಯವಿರಬೇಕು. ಹಸಿದವನನ್ನು ಗದರಿ ಕಳುಹಿಸುವುದು ಕಾರ್ಪಣ್ಯ. ಹಸಿದವನಿಗೆ ಅನ್ನವನ್ನು ತೋರಿಸಿ ಅನ್ನದಿಂದಲೇ ಕೊಲ್ಲುವುದು ಪ್ರಸಾದತತ್ತ್ವಕ್ಕೇ ಬಗೆದ ದ್ರೋಹ. ಅನ್ನವನ್ನು ಲಿಂಗಕ್ಕೆ ತೋರಿ ಕಣ್ಣಿಗೊತ್ತಿಕೊಂಡು ಉಣ್ಣುವ ಕೈ, ಅದೇ ಅನ್ನವನ್ನು ಗಾಳದಂತೆ ಒಡ್ಡಬಹುದೇ? ಬೆಳೆ ಹೋದರೆ ಮರುವರ್ಷ ಬಂದೀತು. ಆ ಕೈಯ ಶುಚಿ ಹೋದರೆ ಯಾವ ಮಳೆಗೆ ಮರಳಿ ಬಂದೀತು?

ಚಾಮರಸನ ಪ್ರಭುಲಿಂಗಲೀಲೆಯಲ್ಲಿ ಅಲ್ಲಮಪ್ರಭುಗಳು ಗೊಗ್ಗಯ್ಯನೆಂಬ ತೋಟಿಗನನ್ನು ಕಾಣುವ ಪ್ರಸಂಗವುಂಟು. ಅಗೆದು, ನೀರು ಹಾಯಿಸಿ, ಹೊರಗಿನ ತೋಟದಲ್ಲಿ ಮಗ್ನನಾಗಿದ್ದ ಅವನಿಗೆ ಪ್ರಭುಗಳು ದೇಹವೆಂಬ ತೋಟದ ಕೃಷಿಯನ್ನು ಬೋಧಿಸಿದರು. ಆ ಬೋಧೆಯ ನಂತರ ಹೊರಗಿನ ತೋಟವನ್ನೂ ನೋಡುವ ಕಣ್ಣು ಬೇರೆಯಾಗುವುದು. ಒಳಗಿನ ತೋಟದಲ್ಲಿ ಲೋಭವೆಂಬ ಕಳೆಯನ್ನು ಕಿತ್ತವನಿಗೆ ಹೊರಗಿನ ತೋಟದಲ್ಲಿ ತಿಂದ ಎಲೆಯನ್ನು ಎಣಿಸುವ ಚಪಲವಿರದು. ಒಳಗೆ ಕಳೆಯನ್ನು ಬೆಳೆಯಲು ಬಿಟ್ಟವನೋ, ಹೊರಗೆ ಒಂದು ಹುಲ್ಲೂ ಇಲ್ಲದಂತೆ ಗುಡಿಸಿದರೂ ತೃಪ್ತನಾಗನು. ಅವನಿಗೆ ಹಕ್ಕಿಯೂ ಕಳ್ಳ, ಚಿಟ್ಟೆಯೂ ಶತ್ರು.

ಆದುದರಿಂದ ಸದ್ಭಕ್ತರು ಈ ಮಳೆಗಾಲದಲ್ಲಿ ಒಂದು ವ್ರತವನ್ನು ಕೈಗೊಳ್ಳಬಹುದು. ಬೆಳೆಯುವ ನೆಲ ಎಷ್ಟೇ ಕಿರಿದಿರಲಿ, ಅದರಲ್ಲಿ ಒಂದು ಮೂಲೆಯನ್ನು ಈ ನೆಲದ್ದೇ ಆದ ಗಿಡಮರಗಳಿಗೆ ಮೀಸಲಿಡಬೇಕು. ಆ ಮೂಲೆಗೆ ಔಷಧಿ ಸಿಂಪಡಿಸಬಾರದು. ಅಲ್ಲಿಂದ ಲೆಕ್ಕ ಕೇಳಬಾರದು. ಮನೆಯ ಮಕ್ಕಳನ್ನು ಕರೆದು, ಇದು ಕರೆಯದೆ ಬರುವವರ ಪಂಕ್ತಿ ಎಂದು ತೋರಿಸಿಕೊಡಬೇಕು. ಮಠಗಳ ಅಂಗಳದಲ್ಲಿಯೂ ಬಿಲ್ವದೊಡನೆ ಅತ್ತಿ, ನೇರಳೆಗಳನ್ನು ನೆಡುವುದು ಯೋಗ್ಯ. ಹುಳುವಿನಿಂದ ಮೊದಲುಗೊಂಡು ಆನೆಯವರೆಗೆ ಸಕಲ ಜೀವಿಗಳ ಹಸಿವನ್ನೂ ಬಲ್ಲ ಪರಶಿವನು, ಗೃಹಸ್ಥರ ಬೆಳೆಯನ್ನು ಕಾಯಲಿ. ಬೆಳೆಯೊಡನೆ ಅವರ ದಯೆಯನ್ನೂ ಕಾಯಲಿ.